ಕಣ್ಣಿಗೆ ಕಾಣದವರ ಶುಶ್ರೂಷೆ

ಅರಿಶಿನಕುಂಟೆ. ಹೆಸರಿನಲ್ಲೇ ಗಾಯಕ್ಕೆ ಹಚ್ಚುವ ಅರಿಶಿನವಿದೆ, ನೀರು ನಿಲ್ಲುವ ಕುಂಟೆಯಿದೆ. ನೆಲಮಂಗಲಕ್ಕೆ ಅಂಟಿಕೊಂಡ ಈ ಊರಿನ ಮಗ್ಗುಲಲ್ಲಿ ತುಮಕೂರು ರಸ್ತೆಯ ಲಾರಿಗಳು ಹಗಲಿರುಳು ಓಡುತ್ತವೆ. ಇಂಥದೊಂದು ಹೆದ್ದಾರಿ ಬದಿಯ ಊರಿನಲ್ಲಿ ನರ್ಸಿಂಗ್ ಶಾಲೆಯೊಂದು ಇದೆಯೆಂದುಕೊಳ್ಳೋಣ. ಅಲ್ಲಿ ಕಲಿಯಲು ಬಂದ ಹುಡುಗಿಗೆ ನಿಜವಾಗಿ ಪಾಠ ಹೇಳುವವರು ಯಾರು?

ಪುಸ್ತಕದ ಪಾಠ ಹಳೆಯದು. ಆರೋಗ್ಯವಂತ ಮನೆಗೆ ಐದು ಸಂಗತಿ ಬೇಕೆಂದು ಫ್ಲಾರೆನ್ಸ್ ನೈಟಿಂಗೇಲ್ ಬರೆದಿದ್ದರು: ಶುದ್ಧ ಗಾಳಿ, ಶುದ್ಧ ನೀರು, ಸರಿಯಾದ ಚರಂಡಿ, ಸ್ವಚ್ಛತೆ, ಬೆಳಕು. ಆ ಪಟ್ಟಿಯಲ್ಲಿ ಒಂದು ಮಾತ್ರೆಯ ಹೆಸರೂ ಇಲ್ಲ. ಇದನ್ನು ಬಾಯಿಪಾಠ ಮಾಡಿ ಹಾಸ್ಟೆಲಿಗೆ ಮರಳಿದ ಹುಡುಗಿಗೆ ತೆರೆಯಲಾಗದ ಕಿಟಕಿ, ಹಿತ್ತಲಲ್ಲಿ ಸುಡುವ ಪ್ಲಾಸ್ಟಿಕ್ಕಿನ ಹೊಗೆ ಎದುರಾದರೆ, ಅವಳು ಇನ್ನೊಂದು ಪಾಠವನ್ನೂ ಕಲಿಯುತ್ತಾಳೆ: ಹೇಳುವುದು ಪರೀಕ್ಷೆಗೆ, ಬದುಕುವುದು ಬೇರೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಬಣ್ಣ ಹಂಚಿವೆ. ರಕ್ತ ಮೆತ್ತಿದ ಹತ್ತಿ ಹಳದಿಗೆ, ಕೈಗವಸು ಮತ್ತು ಕೊಳವೆ ಕೆಂಪಿಗೆ, ಗಾಜು ನೀಲಿಗೆ, ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಸೂಜಿಯನ್ನು ಬಿಳಿ ಡಬ್ಬಿಗೆ ಹಾಕಿದರೆ ಉಳಿಯುವುದು ಯಾರ ಕೈ? ಎದುರಿಗಿರುವ ರೋಗಿಯದಲ್ಲ. ಮರುದಿನ ಬೆಳಿಗ್ಗೆ ಚೀಲ ಎತ್ತುವ, ಅವಳು ಎಂದೂ ನೋಡದ ಒಬ್ಬರ ಕೈ.

ನೈತಿಕ ಪ್ರಶ್ನೆ ಇರುವುದು ಇಲ್ಲೇ ಎಂದು ನನಗನಿಸುತ್ತದೆ. ನನ್ನ ಅಂಗಳ ಗುಡಿಸಿ ಕಸವನ್ನು ಪಕ್ಕದವರ ಬೇಲಿಗೆ ತಳ್ಳುವುದನ್ನೂ ನಾವು ಶುಚಿತ್ವವೆನ್ನುತ್ತೇವೆ. ಆದರೆ 'ಆಚೆ' ಎಂಬ ಜಾಗ ಎಲ್ಲಿದೆ? ಇದೇ ತಾಲ್ಲೂಕಿನ ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಒಂದು ಕಾಲಕ್ಕೆ ಬೆಂಗಳೂರಿನ ನಲ್ಲಿಗಳಲ್ಲಿ ಬರುತ್ತಿದ್ದುದು ಅಲ್ಲಿಯ ನೀರು. ಒಬ್ಬರ ಆಚೆ ಇನ್ನೊಬ್ಬರ ಕೊಡ.

ಇದಕ್ಕೆಲ್ಲ ದುಡ್ಡೆಲ್ಲಿದೆ ಎಂದು ಆಡಳಿತದವರು ಕೇಳಬಹುದು. ಸಣ್ಣ ಶಾಲೆಗಳ ಕಷ್ಟ ಸುಳ್ಳಲ್ಲ. ಆದರೆ ಕಿಟಕಿ ತೆರೆಯಲು, ಬೆಂಕಿ ಹಚ್ಚದಿರಲು ಹೆಚ್ಚು ಖರ್ಚಿಲ್ಲ. ವಾರ್ಡಿಗೆ ಕಳಿಸುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದಂತೂ ಖರ್ಚಿನ ಮಾತಲ್ಲ, ಕರ್ತವ್ಯ.

ಇನ್ನೊಂದಕ್ಕೆ ಕಾಸೂ ಬೇಡ. ಸೂಜಿ ಚುಚ್ಚಿಕೊಂಡ ಹುಡುಗಿ ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಬೇಗ ಸಿಗಬೇಕಾದ ಚಿಕಿತ್ಸೆ ತಪ್ಪುತ್ತದೆ. 'ಮೇಡಂ, ಈ ಡಬ್ಬಿ ತುಂಬಿದೆ' ಎಂದು ಮೊದಲ ವರ್ಷದವಳು ಹೆದರದೆ ಹೇಳಬಲ್ಲ ಶಾಲೆಯೇ ಸುರಕ್ಷಿತ ಶಾಲೆ. ತನ್ನ ನೋವನ್ನು ಹೇಳಿಕೊಳ್ಳಲು ಬಿಡದ ಕಡೆ ಕಲಿತವಳು ಇನ್ನೊಬ್ಬರ ನೋವಿಗೆ ಕಿವಿಗೊಡುವುದನ್ನು ಎಲ್ಲಿಂದ ಕಲಿಯಬೇಕು?