ಬಗಲಲ್ಲೇ ಇರುವ ಉತ್ತರ

"ಬಗಲಾಗ ಕೂಸು ಇಟಗೊಂಡು ಊರೆಲ್ಲಾ ಹುಡುಕಿದ್ರಂತ."

ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ತಡಕಾಡುವವರಿಗೆ, ಕೈಯಲ್ಲೇ ಕೀಲಿ ಹಿಡಿದು "ಕೀಲಿ ಎಲ್ಲಿ?" ಎಂದು ಕೇಳುವವರಿಗೆ ಧಾರವಾಡದ ಮಾಳಮಡ್ಡಿಯ ಮನೆಗಳಲ್ಲಿ ಈ ಗಾದೆಯ ಪೆಟ್ಟು ತಪ್ಪಿದ್ದಲ್ಲ. ಮೈಸೂರು ಕಡೆಯವರು ಬಗಲಿನ ಬದಲು ಕಂಕುಳು ಅನ್ನುತ್ತಾರೆ, ಕೂಸು ಅದೇ. ಮರೆಗುಳಿಗಳನ್ನು ಹಂಗಿಸುವ ಮಾತೆಂದೇ ನಾವು ಇದನ್ನು ಬಳಸುತ್ತ ಬಂದಿದ್ದೇವೆ. ನನ್ನ ಮಟ್ಟಿಗೆ ಒಗಟಿನ ಗುಟ್ಟೆಲ್ಲ ಈ ಒಂದು ಸಾಲಿನಲ್ಲಿದೆ.

ಕೂಸು ಯಾಕೆ ಕಾಣಲಿಲ್ಲ? ಹಗಲೆಲ್ಲ ಎತ್ತಿಕೊಂಡ ಕೂಸಿನ ಭಾರ ತಾಯಿಯ ಮೈಗೆ ರೂಢಿಯಾಗಿಬಿಟ್ಟಿದೆ. ರೂಢಿಯಾದದ್ದು ಲೆಕ್ಕಕ್ಕೆ ಬರುವುದಿಲ್ಲ. ಒಗಟು ಕಟ್ಟುವವರು ಕಣ್ಣಿಡುವುದು ಇಂಥ ಲೆಕ್ಕಕ್ಕೆ ಬಾರದ ವಸ್ತುಗಳ ಮೇಲೆಯೇ. "ಹೋಗುವಾಗ ಹಗುರ, ಬರುವಾಗ ಭಾರ" ಎಂಬ ಹಳೆಯ ಒಗಟನ್ನೇ ನೋಡಿ. ಕೇಳಿದವರು ಸಂತೆಯ ಚೀಲ ಅನ್ನುತ್ತಾರೆ, ತವರಿಗೆ ಹೋಗಿಬಂದ ಮಗಳು ಅನ್ನುತ್ತಾರೆ, ಸಾಲದವರೆಗೂ ಹೋಗುತ್ತಾರೆ. ಉತ್ತರ ನೀರಿನ ಕೊಡ. ನೀರಿಗೆ ಹೋಗಿಬರುವ ಹೆಣ್ಣುಮಗಳ ಸೊಂಟದ ಮೇಲೆ, ಕೂಸು ಕೂರುವ ಜಾಗದಲ್ಲೇ ಅದು ಕೂತಿರುತ್ತದೆ! ಎರಡು ಮನೆಗೆ ಒಂದೇ ತೊಲೆ ಯಾವುದೆಂದು ಕೇಳಿದರೆ ಸೂರು ನೋಡುವವರಿದ್ದಾರೆ. ಉತ್ತರ ಅವರ ಮೂಗು.

ಇನ್ನು ನಾನೇ ಕಟ್ಟಿದ ಒಂದು ಪ್ರಶ್ನೆ. ಧಾರವಾಡದಲ್ಲಿ ರೈಲಿನವರಿಗಾಗಿ ಕಟ್ಟಿದ ಕಟ್ಟಡವೊಂದಿದೆ. ಅಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ಕೇಳುವವರಿಲ್ಲ, ಹಾಲ್ ಟಿಕೆಟ್ ಇಲ್ಲದಿದ್ದರೆ ಮಾತ್ರ ಪರೀಕ್ಷೆಯ ದಿನ ಒಳಗೆ ಬಿಡುವುದಿಲ್ಲ. ಯಾವುದದು? ಸ್ಟೇಷನ್ನಿಗೆ ಹತ್ತಿಕೊಂಡೇ ಇರುವ ಮಾಳಮಡ್ಡಿಯ ಹುಡುಗರು ಈ ಪ್ರಶ್ನೆ ಕೇಳಿದ ಕೂಡಲೇ ಹುಬ್ಬಳ್ಳಿ ಜಂಕ್ಷನ್ನಿನ ಕಡೆ ಓಡುತ್ತಾರೆ, ಹಳಿಗಳ ಪಕ್ಕದ ಹಳೆಯ ಕ್ವಾರ್ಟರ್ಸ್ ನೆನೆಯುತ್ತಾರೆ. 'ಹಾಲ್ ಟಿಕೆಟ್' ಎಂದು ಇನ್ನೊಮ್ಮೆ ಒತ್ತಿ ಹೇಳಿದರೆ ಒಬ್ಬರಾದರೂ ಹಿಡಿಯುತ್ತಾರೆ. ಅದು ಕರ್ನಾಟಕ ಕಾಲೇಜು. ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೇಂದ್ರ ಕಚೇರಿ ಇದ್ದದ್ದು ಧಾರವಾಡದಲ್ಲಿ. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಒಂದಾಯಿತು, ಮುಂದೆ 1917ರಲ್ಲಿ ಹುಟ್ಟಿದ ಕಾಲೇಜಿಗೆ ಆ ಕಚೇರಿಯ ಕಟ್ಟಡ ಒದಗಿತು. ಕಾಲೇಜು ಯಾವ ವರ್ಷ ಆರಂಭವಾಯಿತು ಎಂದು ನೇರವಾಗಿ ಕೇಳಿದ್ದರೆ ಬಾಯಿಪಾಠ ಮಾಡಿದವನೊಬ್ಬ ಗೆಲ್ಲುತ್ತಿದ್ದ, ಉಳಿದವರು ಸುಮ್ಮನೆ ಕೂರುತ್ತಿದ್ದರು. ಹೀಗೆ ಕೇಳಿದಾಗ ಸೋತವನೂ ಮರುದಿನ ಆ ಕಲ್ಲಿನ ಕಟ್ಟಡವನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ.

1967ರಲ್ಲಿ ಎಡ್ವರ್ಡ್ ಡಿ ಬೋನೊ ಇಂಥ ಅಡ್ಡದಾರಿಯ ಯೋಚನೆಗೆ 'ಲ್ಯಾಟರಲ್ ಥಿಂಕಿಂಗ್' ಎಂದು ಹೆಸರಿಟ್ಟ. ಆ ಜಾತಿಯ ಒಂದು ಪ್ರಶ್ನೆ ಲೋಕವೆಲ್ಲ ಸುತ್ತಿದೆ. ನಮ್ಮ ರಸ್ತೆಗೆ ತಂದುಕೊಂಡು ಹೇಳುತ್ತೇನೆ. ನವಲೂರಿನ ಹತ್ತಿರ ಕಾರು ಅಪಘಾತ. ತಂದೆ ಅಲ್ಲೇ ತೀರಿಕೊಂಡ. ಮಗನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ಆಪರೇಷನ್ ಥಿಯೇಟರಿಗೆ ಬಂದ ಸರ್ಜನ್ ಹುಡುಗನ ಮುಖ ನೋಡಿ, "ನನ್ನಿಂದ ಆಗೂದಿಲ್ಲ, ಇಂವಾ ನನ್ನ ಮಗ" ಅಂದರು. ಹೇಗೆ? ದತ್ತಕ ಅನ್ನುತ್ತಾರೆ, ಮಲತಂದೆ ಅನ್ನುತ್ತಾರೆ, ಸತ್ತವನು ನಿಜವಾದ ತಂದೆಯಲ್ಲ ಅನ್ನುತ್ತಾರೆ. ಸರ್ಜನ್ ಹುಡುಗನ ತಾಯಿ. 'ಅಂದರು' ಎಂಬ ನಮ್ಮ ಮರ್ಯಾದೆಯ ಬಹುವಚನ ಆಕೆಯನ್ನು ಕೊನೆಯವರೆಗೆ ಮರೆಯಲ್ಲಿಟ್ಟಿತು. ಹೆಣ್ಣುಮಕ್ಕಳೇ ಈ ಪ್ರಶ್ನೆಗೆ ತಡವರಿಸುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಗಾದೆಯಲ್ಲಿ ತಾಯಿಗೆ ಕೂಸು ಕಾಣಲಿಲ್ಲ, ಇಲ್ಲಿ ನಮಗೆ ತಾಯಿಯೇ ಕಾಣಲಿಲ್ಲ.

ಈ ವಿದ್ಯೆ ನಮಗೆ ಹೊಸದಲ್ಲ. ಬಾಡ, ಕಾಗಿನೆಲೆಗಳ ಕನಕದಾಸರ ಒಗಟಿನಂಥ ಹಾಡುಗಳಾದ ಮುಂಡಿಗೆಗಳನ್ನು ಬಿಡಿಸುತ್ತ ಕೂರುವ ಪದ್ಧತಿ ಇನ್ನೂ ಉಳಿದಿದೆ. 1997ರಲ್ಲಿ ಹಾವೇರಿ ಬೇರೆಯಾಗುವವರೆಗೆ ಆ ಊರುಗಳೂ ಧಾರವಾಡ ಜಿಲ್ಲೆಯವೇ. ಕೋಳಿ ಕೋಡಗವನ್ನು ನುಂಗುವ ಹಾಡು ಕೊಟ್ಟ ಶಿಶುನಾಳ ಶರೀಫರೂ ಅದೇ ಸೀಮೆಯವರು. ಕನಕರ ಬಾಳೆಹಣ್ಣಿನ ಕತೆ ಎಲ್ಲರಿಗೂ ಗೊತ್ತು. ಯಾರೂ ಕಾಣದ ಜಾಗದಲ್ಲಿ ತಿಂದು ಬನ್ನಿ ಎಂದು ವ್ಯಾಸರಾಯರು ಹಣ್ಣು ಕೊಟ್ಟರಂತೆ. ಉಳಿದ ಶಿಷ್ಯರು ಬಾಗಿಲ ಹಿಂದೆ, ಮರದ ಮರೆಯಲ್ಲಿ ಜಾಗ ಹುಡುಕಿ ತಿಂದರು. ಕನಕರು ಹಣ್ಣನ್ನು ಹಾಗೇ ತಂದರು, ದೇವರು ಕಾಣದ ಜಾಗ ಸಿಗಲಿಲ್ಲವೆಂದರು. ಇದನ್ನು ಭಕ್ತಿಯ ಕತೆಯೆಂದು ಹೇಳಿ ಮುಗಿಸುವುದು ವಾಡಿಕೆ. ಒಗಟಿನ ಕತೆಯಾಗಿಯೂ ಇದು ಅಪ್ಪಟ. ಉಳಿದವರ ಕಿವಿಗೆ 'ತಿನ್ನಿ' ಎಂಬುದು ಕೇಳಿಸಿತು, ಕನಕರು 'ಯಾರೂ' ಎಂಬುದನ್ನು ಹಿಡಿದರು. ಉತ್ತರ ಪ್ರಶ್ನೆಯೊಳಗೇ ಇತ್ತು.

ದೂರದರ್ಶನ ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ಕನ್ನಡದ ಮನೆಮನೆಗೆ ಕ್ವಿಜ್ ಮುಟ್ಟಿಸಿತು. ಗೆದ್ದವರ ಕೈಗೆ ಪುಸ್ತಕ ಇಟ್ಟ ಆ ಕಾರ್ಯಕ್ರಮದ ಮೇಲೆ ನನಗೆ ತುಂಬು ಗೌರವ. ಆದರೆ ಒಗಟಿಗೆ ಥಟ್ಟನೆ ಹೇಳುವ ಅವಸರ ಒಗ್ಗುವುದಿಲ್ಲ. ಗಾದೆಯವರು ಊರೆಲ್ಲ ಸುತ್ತಿದ್ದನ್ನು ನಾವು ದಂಡವೆಂದು ನಗುತ್ತೇವೆ. ಒಗಟಿನಲ್ಲಿ ಆ ಸುತ್ತಾಟ ಬೇಕು. ಚೀಲ, ಸಾಲ, ತವರು ಎಲ್ಲ ಸುತ್ತಿಬಂದವರಿಗೇ ಕೊಡ ಸಿಕ್ಕಾಗ ಖುಷಿ. ಉತ್ತರವನ್ನು ಬೇಗ ಒಡೆದು ಹೇಳಿಬಿಡುವ ಕ್ವಿಜ್ ಮಾಸ್ತರರು ಮಕ್ಕಳಿಗೆ ಸಿಗಬೇಕಾದ ಖುಷಿಯನ್ನು ಕಸಿದುಕೊಳ್ಳುತ್ತಾರೆ.

ಆದ್ದರಿಂದ ಶಾಲೆಗಳಲ್ಲಿ ಕ್ವಿಜ್ ನಡೆಸುವವರಲ್ಲಿ ಒಂದು ವಿನಂತಿ. ಪೆರುವಿನ ರಾಜಧಾನಿ ಕೇಳಿ, ಬೇಡ ಅನ್ನುವುದಿಲ್ಲ. ಜೊತೆಗೆ ನಮ್ಮೂರಿನೊಳಗೇ ಉತ್ತರವಿರುವ ಒಂದು ಪ್ರಶ್ನೆಯೂ ಇರಲಿ, ಮಕ್ಕಳಿಗೆ ಯೋಚಿಸಲು ಪುರಸೊತ್ತೂ ಇರಲಿ. ಬೇಕಾದರೆ ಇದನ್ನೇ ತೆಗೆದುಕೊಳ್ಳಿ: ಅವಳಿನಗರದಲ್ಲೇ ಹೊಲಿಯುತ್ತಾರೆ, ಅಂಗಿಯಲ್ಲ, ಸೀರೆಯಲ್ಲ, ಅದು ಮೇಲೇರಿದರೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ಉತ್ತರ ರಾಷ್ಟ್ರಧ್ವಜ; ಹೊಲಿಯುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ.