ಪಾರಣೆಯ ಸಾರು

ಉಪವಾಸಕ್ಕಿಂತ ಪಾರಣೆಯೇ ಕಠಿಣವೆಂಬುದು ವ್ರತ ಹಿಡಿದ ಮನೆಗಳಿಗೆಲ್ಲ ತಿಳಿದ ವಿಷಯ. ಉಪವಾಸದ ದಿನ ನಾಲಗೆಗೆ ಕೆಲಸವಿಲ್ಲ. ಪಾರಣೆಯ ದಿನ ಅದರ ಎದುರಿಗೆ ಎಲೆ ಬಂದು ಬೀಳುತ್ತದೆ. ಹತ್ತು ದಿನ ಹಸಿವನ್ನು ಗೆದ್ದ ಶ್ರಾವಕನು ಹನ್ನೊಂದನೆಯ ದಿನ ಒಂದು ಬಟ್ಟಲು ಸಾರಿಗೆ ಸೋಲುವುದುಂಟು.

ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಲ್ಲಿ ಮುಂಗಾರಿ ಹೆಸರು ಕಣ ಸೇರುವ ಕಾಲವೂ ಭಾದ್ರಪದದ ದಶಲಕ್ಷಣ ಪರ್ವವೂ ಹೆಚ್ಚುಕಡಿಮೆ ಜೊತೆಯಾಗಿಯೇ ಬರುತ್ತವೆ. ಅನಂತ ಚತುರ್ದಶಿಯ ಮರುದಿನ, ಬಳಲಿದ ಹೊಟ್ಟೆಗೆ ಹೊಸ ಹೆಸರಿನ ಕಟ್ಟಿಗಿಂತ ಹಿತವಾದುದು ಬೇರೆ ಯಾವುದು? ಕಾಳನ್ನು ಬೆಳಕಿನಲ್ಲಿ ಹರವಿ, ಒಂದೊಂದಾಗಿ ನೋಡಿ ಆರಿಸಿ, ಸೋಸಿದ ನೀರಿನಲ್ಲಿ ಮೆತ್ತಗೆ ಬೇಯಿಸಿ, ಕಟ್ಟು ಬಸಿದುಕೊಳ್ಳಬೇಕು. ಅದಕ್ಕೆ ಹುಣಸೆಯ ರಸ, ಚೂರು ಬೆಲ್ಲ, ಉಪ್ಪು, ಹುರಿದು ಕುಟ್ಟಿದ ಜೀರಿಗೆ, ಮೆಣಸು, ಒಣಕೊಬ್ಬರಿ. ಕುದಿ ಬಂದ ಮೇಲೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಬಸಿದು ಉಳಿದ ಕಾಳು ಪಲ್ಯಕ್ಕೆ. ಇಷ್ಟೇ ಪಾಕ. ಆದರೂ ಹತ್ತು ಮನೆಗಳಲ್ಲಿ ಹತ್ತು ರುಚಿ.

ಗಜೇಂದ್ರಗಡದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಪಾರಣೆಯ ದಿನ ರೋಣದಿಂದಲೂ ನರಗುಂದದಿಂದಲೂ ಬಂಧುಗಳು ಬಂದು ಸೇರಿದ್ದಾರೆ. ಆ ಮನೆಯ ಕಟ್ಟಿನ ಸಾರು ಯಜಮಾನನ ಅಕ್ಕನದು. ನರಗುಂದಕ್ಕೆ ಕೊಟ್ಟ ಹೆಣ್ಣುಮಗಳು, ಈಗಿಲ್ಲ. ಆಕೆ ಬಾಯಲ್ಲಿ ಹೇಳಿದ್ದನ್ನು ತಮ್ಮನ ಸೊಸೆ ಹಳೆಯ ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಅಳತೆಗಳೆಲ್ಲ ಹಿಡಿ, ಚಿಟಿಕೆ, ಬೆರಳ ಗಾತ್ರ. ಈಗ ಸೊಸೆ ಅದನ್ನೇ ಮಾಡಿ ಬಡಿಸಿದ್ದಾಳೆ. ಹಿರಿಯನು ಮೊದಲ ಗುಟುಕು ಕುಡಿದು, "ಅಕ್ಕನ ಸಾರಿನ್ಹಂಗ ಆಗಿಲ್ಲ ನೋಡವಾ" ಎನ್ನುತ್ತಾನೆ. ಗದರಿದ ಮಾತಲ್ಲ, ಮೆಲ್ಲನೆ ಆಡಿದ್ದು. ಪಂಕ್ತಿಯಲ್ಲಿ ಕುಳಿತವರೆಲ್ಲ ತಮ್ಮ ತಮ್ಮ ಬಟ್ಟಲನ್ನು ಮತ್ತೊಮ್ಮೆ ರುಚಿ ನೋಡುತ್ತಾರೆ.

ಈ ಮಾತು ದೋಷವೇ? ಅಗಲಿದ ಅಕ್ಕನ ಕೈರುಚಿಯನ್ನು ನೆನೆಯುವುದು ರಾಗವೇ?

ರಾಗಾದಿ ಭಾವಗಳು ಹುಟ್ಟುವುದೇ ಹಿಂಸೆ, ಹುಟ್ಟದಿರುವುದೇ ಅಹಿಂಸೆ ಎಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ನಿರ್ಣಯಿಸಿದ್ದಾರೆ. ಆ ಒರೆಗಲ್ಲಿಗೆ ಹಚ್ಚಿದರೆ ನೆನಪೂ ಪೂರ್ಣ ನಿರ್ದೋಷವಲ್ಲ. ಆದರೆ ಗೃಹಸ್ಥನು ಮುನಿಯಲ್ಲ, ಅವನದು ಅಣುವ್ರತ. ಒಡಹುಟ್ಟಿದವಳನ್ನು ನೆನೆದು ಕಣ್ಣು ತೇವವಾದರೆ ಅದನ್ನು ಜಿಹ್ವಾಲೋಲುಪತೆಯೆಂದು ಕರೆಯುವುದು ಕ್ರೌರ್ಯವಾದೀತು. ಹಿರಿಯನು "ಅಕ್ಕನ ನೆನಪಾತು" ಎಂದಿದ್ದರೆ ಯಾರಿಗೂ ನೋವಿರಲಿಲ್ಲ. ಅವನು ಆಡಿದ್ದು ನೆನಪನ್ನಲ್ಲ, ಹೋಲಿಕೆಯನ್ನು. ನೆನಪು ತನ್ನೊಳಗೆ ಉಳಿಯುತ್ತದೆ. ಹೋಲಿಕೆ ಎದುರಿಗಿದ್ದವರನ್ನು ತಾಗುತ್ತದೆ.

ತಾಗಿದ್ದು ಯಾರನ್ನು ಎಂಬುದನ್ನೂ ನೋಡಬೇಕು. ಆ ಸೊಸೆಯೂ ಚತುರ್ದಶಿಯಂದು ಉಪವಾಸವಿದ್ದವಳು. ಬೆಳಗ್ಗೆ ಒಲೆ ಹೊತ್ತಿಸಿದಾಗ ಅವಳ ಪಾರಣೆ ಇನ್ನೂ ಆಗಿರಲಿಲ್ಲ. ಉಪ್ಪು ಸರಿಯಾಯಿತೇ ಎಂದು ಒಂದು ತೊಟ್ಟನ್ನೂ ನಾಲಗೆಗೆ ಹಚ್ಚದೆ, ಬರಿಯ ವಾಸನೆ ಮತ್ತು ಕುದಿಯ ಸದ್ದಿನಿಂದ ಹದ ತಿಳಿದು ಇಳಿಸಿದ ಸಾರು ಅದು. ಉಣ್ಣುವವನ ಉಪವಾಸವನ್ನು ಊರೆಲ್ಲ ಕೊಂಡಾಡುತ್ತದೆ, ಬಸದಿಯಲ್ಲಿ ಅವನಿಗೆ ಗೌರವ. ಬೇಯಿಸುವವಳ ಉಪವಾಸ ಅಡುಗೆಮನೆಯ ಹೊಗೆಯಲ್ಲಿಯೇ ಕಳೆಯುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಅಕ್ಕನ ಪಾಕದಲ್ಲಿ ಬೆರಳ ಗಾತ್ರದ ಅಲ್ಲ, ಎಂದರೆ ಹಸಿಶುಂಠಿ, ಜಜ್ಜಿ ಹಾಕಬೇಕೆಂದಿತ್ತು. ಆದರೆ ಕಂದಮೂಲ ತ್ಯಾಗದ ನಿಯಮ ಹಿಡಿದಾಗಿನಿಂದ ಆ ಮನೆಯಲ್ಲಿ ಅಲ್ಲ ಬಳಸುವುದಿಲ್ಲ. ಸೊಸೆ ಅದರ ಬದಲು ಒಣಶುಂಠಿಯ ಪುಡಿ ಹಾಕಿದ್ದಾಳೆ. ಅನಂತಕಾಯವೆಂದು ಹಸಿಯದನ್ನು ಬಿಟ್ಟವರೂ ಒಣಗಿದ ಶುಂಠಿಯನ್ನು ಬಳಸುವುದು ರೂಢಿಯೇ. ಎರಡರ ಖಾರವೂ ಒಂದೇ ಜಾತಿಯದಾದರೂ ಪರಿಮಳ ಬೇರೆ. ಆ ನಿಯಮವನ್ನು ಮನೆಗೆ ತಂದವನು ಯಾರು? ಅದೇ ಹಿರಿಯ! ತಾನೇ ಬಿಟ್ಟ ರುಚಿಯನ್ನು ಈಗ ಸಾರಿನಲ್ಲಿ ಕಾಣದೆ ಅವನು ಸೊಸೆಯ ಕೈಯನ್ನು ಶಂಕಿಸುತ್ತಿದ್ದಾನೆ. ತ್ಯಾಗದ ಫಲ ತನಗೆ, ಕೊರತೆಯ ಹೊರೆ ಅಡುಗೆಯವಳಿಗೆ ಎಂಬುದು ಯಾವ ನ್ಯಾಯ? ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನು ಬಿಡುವ ರಸಪರಿತ್ಯಾಗಕ್ಕೂ ಈ ಮಾತು ಸಲ್ಲುತ್ತದೆ. ಉಪ್ಪು ಬಿಟ್ಟವನು ಸಪ್ಪೆಯೆಂದು ಗೊಣಗಿದರೆ ಅವನು ಬಿಟ್ಟಿದ್ದು ಏನನ್ನು?

ದಿಗಂಬರ ಮುನಿಗಳ ಆಹಾರಕ್ರಮವನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ನಿಂತು, ಅಂಗೈಯಲ್ಲಿ, ದಿನಕ್ಕೊಮ್ಮೆ. ತಮಗಾಗಿಯೇ ಮಾಡಿದ್ದನ್ನು ಒಲ್ಲರು, ಇಂಥದು ಬೇಕೆಂದು ಬಾಯಿಬಿಟ್ಟು ಕೇಳರು. ಗೃಹಸ್ಥನಿಗೆ ಅಷ್ಟು ಸಾಧ್ಯವಿಲ್ಲ, ನಿಜ. ಆದರೆ ಊಟದ ಹೊತ್ತಿನ ಮೌನ ಅವನಿಗೂ ವಿಹಿತವಾದುದೇ. ಪಾರಣೆಯ ಒಂದು ದಿನವಾದರೂ ಅದನ್ನು ಪಾಲಿಸಿದ್ದರೆ ಆ ಮಾತು ಹೊರಬೀಳುತ್ತಲೇ ಇರಲಿಲ್ಲ.

ಈ ಸೀಮೆಯಲ್ಲಿ ಉಣಿಸುವುದು ಧರ್ಮವೆಂಬ ತಿಳಿವಳಿಕೆ ಬಹು ಹಳೆಯದು. ಗಜೇಂದ್ರಗಡಕ್ಕೆ ದೂರವಲ್ಲದ ನರೇಗಲ್ಲದಲ್ಲಿ, ಕ್ರಿ.ಶ. ೯೫೦ರ ಸುಮಾರಿನಲ್ಲಿ, ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ಬಸದಿಯನ್ನು ಕಟ್ಟಿಸಿದಳು. ಅದಕ್ಕೆ ಸೇರಿದ ದಾನಶಾಲೆಗೆ ದತ್ತಿ ಬಿಟ್ಟ ಸಂಗತಿ ಶಾಸನದಲ್ಲಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಆಹಾರವೇ ಮೊದಲು. ಮನೆಯ ಪಂಕ್ತಿಯಲ್ಲಿ ಬಡಿಸುವವಳಿಗೆ ದಾನಿಯೆಂಬ ಹೆಸರನ್ನು ಯಾರೂ ಕೊಡುವುದಿಲ್ಲ, ಅವಳೂ ಅಪೇಕ್ಷಿಸುವುದಿಲ್ಲ. ಆದರೆ ಅವಳ ಕೈಯಿಂದ ಬಂದುದು ಅದಕ್ಕಿಂತ ಕಡಿಮೆಯೇನಲ್ಲ.

ಉಳಿದದ್ದು ಸೊಸೆಯ ಧರ್ಮ. ನಾಳೆ ಅವಳ ಸೊಸೆಯೋ ಮಗಳೋ ಈ ಪಾಕವನ್ನು ಕೇಳುತ್ತಾಳೆ. ಆಗ ಅಲ್ಲದ ಮಾತನ್ನು ನುಂಗಿ, ಒಣಶುಂಠಿಯನ್ನೇ ಅತ್ತೆಯ ಬಾಯಿಗೆ ತುರುಕಿ, "ಅವರು ಹೇಳಿದ್ದೇ ಹೀಗೆ" ಎಂದರೆ ಸತ್ಯಾಣುವ್ರತಕ್ಕೆ ಸಣ್ಣ ಗೀರು ಬಿದ್ದೀತು. ಒಂದು ಚಿಟಿಕೆ ಪುಡಿಗೆ ಕೂಟಲೇಖಕ್ರಿಯೆಯೆಂಬ ದೊಡ್ಡ ಅತಿಚಾರದ ಹೆಸರು ಬೇಡ. ಆದರೂ ತೀರಿಹೋದವರ ಮಾತನ್ನು ತಿದ್ದುವ ಅಧಿಕಾರ ಅಡುಗೆಯವಳಿಗಿಲ್ಲ. ಪಂಚಾಂಗದ ಹಿಂಬದಿಯಲ್ಲಿ ಅಲ್ಲ ಎಂಬುದು ಹಾಗೆಯೇ ಇರಲಿ, ಹೊಡೆದುಹಾಕುವುದು ಬೇಡ. ಅದರ ಕೆಳಗೆ ಒಣಶುಂಠಿ ಎಂದು ಬರೆದು, ಯಾವ ವರ್ಷದ ಚಾತುರ್ಮಾಸದಿಂದ, ಯಾವ ನಿಯಮಕ್ಕಾಗಿ ಎಂಬುದನ್ನೂ ಸೇರಿಸಿಟ್ಟರೆ, ಮುಂದೆ ಒಲೆಯ ಮುಂದೆ ನಿಲ್ಲುವವಳಿಗೆ ಎರಡೂ ತಿಳಿದಿರುತ್ತದೆ.