ಪಂಜರದ ಗಿಳಿ ಮತ್ತು ನಮ್ಮ ಹೊಣೆ

ಅರ್ಥವರಿಯದೆ ಒಪ್ಪಿಸುವುದನ್ನು ನಾವು ಗಿಳಿಪಾಠವೆನ್ನುತ್ತೇವೆ. ಗಿಳಿಗೆ ನುಡಿಯುಂಟು, ಅರಿವಿಲ್ಲ ಎಂಬುದು ಆ ಮಾತಿನ ಹಿಂದಿರುವ ನಂಬಿಕೆ. ಇತ್ತೀಚೆಗೆ ನಮ್ಮ ನಗರಗಳ ಕೆಲವು ಮನೆಗಳಲ್ಲಿ ದಕ್ಷಿಣ ಅಮೆರಿಕದ ಮಕಾವ್, ಆಫ್ರಿಕದ ಬೂದುಗಿಳಿ ಮೊದಲಾದ ದೊಡ್ಡ ಗಿಳಿಗಳನ್ನು ಸಾಕುತ್ತಿದ್ದಾರೆ. ಇದು ಧರ್ಮಸಮ್ಮತವೇ ಎಂದು ಭಕ್ತರು ಕೇಳುವುದುಂಟು. ಉತ್ತರಿಸುವ ಮುನ್ನ ಆ ನಂಬಿಕೆಯನ್ನೇ ಪರೀಕ್ಷಿಸಬೇಕಾಗಿದೆ.

ಬಾಣಭಟ್ಟನ ಕಾದಂಬರಿಯನ್ನು ನಾಗವರ್ಮನು ಕನ್ನಡಕ್ಕೆ ತಂದನಷ್ಟೆ. ಅದರಲ್ಲಿ ವೈಶಂಪಾಯನನೆಂಬ ಗಿಳಿಯನ್ನು ಪಂಜರದಲ್ಲಿಟ್ಟು ಶೂದ್ರಕ ರಾಜನ ಸಭೆಗೆ ತರುತ್ತಾರೆ. ಗಿಳಿಯು ಅರಸನನ್ನು ಹೊಗಳುತ್ತದೆ, ಸಭೆ ಬೆರಗಾಗುತ್ತದೆ. ಆದರೆ ಅರಸನು ಅದರ ಸ್ವಂತ ವೃತ್ತಾಂತವನ್ನು ಕೇಳಿದಾಗ ಅದು ಹೇಳುವುದು, ಬೇಡನು ಬೂರುಗದ ಮರವೇರಿ ತನ್ನ ತಂದೆಯನ್ನು ಕೊಂದ ಕಥೆಯನ್ನು.

ಇದು ಕವಿಕಲ್ಪನೆಯೆನ್ನಬಹುದು. ಆದರೆ ಅಮೆರಿಕದ ವಿದುಷಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಲ್ಲಿ ಅಂಗಡಿಯಿಂದ ತಂದ ಅಲೆಕ್ಸ್ ಎಂಬ ಬೂದುಗಿಳಿಗೆ 2007ರಲ್ಲಿ ಅದು ಸಾಯುವವರೆಗೂ ಪಾಠ ಹೇಳಿದರು. ಅದು ಸುಮಾರು 50 ವಸ್ತುಗಳನ್ನು, 7 ಬಣ್ಣಗಳನ್ನು ಹೆಸರಿಸುತ್ತಿತ್ತು, 6ರವರೆಗೆ ಎಣಿಸುತ್ತಿತ್ತು. ಎರಡು ವಸ್ತುಗಳಲ್ಲಿ ಭೇದವಿಲ್ಲದಿದ್ದರೆ ಭೇದವಿಲ್ಲವೆಂದೇ ಹೇಳುತ್ತಿತ್ತು. ಪಾಠ ಬೇಸರವಾದಾಗ ತನ್ನ ಜಾಗಕ್ಕೆ ಮರಳಬೇಕೆಂದು ಕೇಳುತ್ತಿತ್ತು. ಇದು ಗಿಳಿಪಾಠವಲ್ಲ, ಬೇಕು ಬೇಡಗಳನ್ನು ಬಲ್ಲ ಜೀವವೊಂದರ ಮಾತು.

ಇಲ್ಲಿಯೇ ಧರ್ಮಸಂಕಟ. ಯಾವ ಬುದ್ಧಿಗೆ ಮನಸೋತು ನಾವು ಈ ಹಕ್ಕಿಯನ್ನು ತರುತ್ತೇವೆಯೋ, ಆ ಬುದ್ಧಿಯೇ ಅದಕ್ಕೆ ಪಂಜರವನ್ನು ದುಸ್ಸಹಗೊಳಿಸುತ್ತದೆ. ಕಾಡಿನಲ್ಲಿ ಮಕಾವ್ ಜೋಡಿಯಾಗಿ, ಹಿಂಡಾಗಿ ಬಾಳುತ್ತದೆ. ಒಂಟಿಯಾದ ಗಿಳಿ ಎಷ್ಟೋ ವೇಳೆ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತದೆ. ಹಿಂಡಿನ ಸದ್ದಿಲ್ಲದ ಮನೆಯಲ್ಲಿ ಅದು ನಮ್ಮ ಮಾತನ್ನು ಕಲಿಯುತ್ತದೆ. ನಾವು ಅದನ್ನು ವಿನೋದವೆಂದು ಅತಿಥಿಗಳಿಗೆ ಕೇಳಿಸುತ್ತೇವೆ.

ಇವು ಪಂಜರದಲ್ಲೇ ಹುಟ್ಟಿದವು, ಕಾಡನ್ನು ಕಂಡಿಲ್ಲ ಎಂಬ ವಾದವಿದೆ. ಎಲ್ಲವೂ ಹಾಗೆ ಹುಟ್ಟಿದವಲ್ಲ. ಬೂದುಗಿಳಿಗಳನ್ನು ಕಾಡಿನಿಂದ ಹಿಡಿದು ಮಾರುವುದು ಮಿತಿಮೀರಿದ್ದರಿಂದಲೇ 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಸೇರಿದ ರಾಷ್ಟ್ರಗಳು ಆ ವ್ಯಾಪಾರವನ್ನು ನಿಷೇಧಿಸಿದವು. ಪಂಜರದಲ್ಲಿ ಹುಟ್ಟಿದುದಕ್ಕೂ ರೆಕ್ಕೆಗಳಿವೆ. ಕಾಣದುದರ ಹಸಿವು ಇಲ್ಲವೆನ್ನಲು ನಾವು ಯಾರು?

ಹಾಗಾದರೆ ಈಗಾಗಲೇ ಸಾಕಿರುವವರು ಹಾರಲು ಬಿಡಬೇಕೇ? ಖಂಡಿತ ಕೂಡದು. ಪರದೇಶದ ಸಾಕುಹಕ್ಕಿಗೆ ನಮ್ಮ ಬಯಲಿನಲ್ಲಿ ಆಹಾರ ಹುಡುಕುವುದೂ ತಿಳಿಯದು, ಹದ್ದಿನಿಂದ ತಪ್ಪಿಸಿಕೊಳ್ಳುವುದೂ ತಿಳಿಯದು. ಅದು ದಯೆಯ ವೇಷ ತೊಟ್ಟ ಪರಿತ್ಯಾಗ. ಅಂಥವರು ಅದಕ್ಕೆ ರೆಕ್ಕೆ ಬಿಚ್ಚುವಷ್ಟು ಸ್ಥಳವನ್ನೂ, ಜೊತೆಯನ್ನೂ, ದಿನದ ಕೆಲವು ಗಂಟೆಗಳನ್ನೂ ಕೊಡಬೇಕು. 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಮಕಾವ್ 50 ವರ್ಷಕ್ಕೂ ಮೀರಿ ಬದುಕಬಲ್ಲುದು. ತಮ್ಮ ಕಾಲಾನಂತರ ಅದನ್ನು ಯಾರು ನೋಡಿಕೊಳ್ಳಬೇಕೆಂದು ಈಗಲೇ ಗೊತ್ತುಮಾಡಬೇಕು. ಮಕ್ಕಳಿಗೆ ಹೊಲಮನೆ ಹಂಚುವವರು ಈ ಜೀವವನ್ನು ಮರೆಯಬಾರದು.

ಇನ್ನೂ ಕೊಳ್ಳದವರಿಗೆ ನಾವು ಹೇಳುವುದಿಷ್ಟೆ. ಮೋಹವು ತನಗೇನು ಬೇಕೆಂದು ಕೇಳುತ್ತದೆ. ದಯೆಯು ಎದುರಿನ ಜೀವಕ್ಕೇನು ಬೇಕೆಂದು ಕೇಳುತ್ತದೆ. ಹಿತ್ತಲಿನಲ್ಲಿ ಒಂದು ಸೀಬೆಯ ಗಿಡ ನೆಟ್ಟು, ಅರ್ಧ ಫಸಲನ್ನು ಬಿಟ್ಟುಕೊಡಿರಿ. ನಮ್ಮ ನಾಡಿನ ಗಿಳಿಗಳು ತಾವಾಗಿಯೇ ಬಂದಾವು. ಹೊಟ್ಟೆ ತುಂಬಿದ ಮೇಲೆ ಹಾರಿಯೂ ಹೋದಾವು. ಹಾರಿಹೋದುದಕ್ಕೆ ಮನಸ್ಸು ನೋಯದಿದ್ದರೆ, ಅದೇ ನಿಜವಾದ ಪ್ರೀತಿ.